ಅರಿಸಿನ: ಹಿತ್ತಲ ಎಲೆ, ಮಂಡಿಯ ಕೊಂಬು

ಅರಿಸಿನ ಶುಂಠಿಯ ಕುಟುಂಬಕ್ಕೆ ಸೇರಿದ ಗಡ್ಡೆ ಸಸ್ಯ. ಶಾಸ್ತ್ರೀಯ ಹೆಸರು ಕುರ್ಕುಮಾ ಲೋಂಗಾ. ಸುಮಾರು 1 ಮೀಟರ್ ಎತ್ತರಕ್ಕೆ ಏಳುವ ಗಿಡ. ಎಲೆ ನೋಡಿದರೆ ಎಳೆ ಬಾಳೆಯ ನೆನಪಾಗುತ್ತದೆ. ನೆಲದೊಳಗೆ ಒಂದು ತಾಯಿ ಗಡ್ಡೆ, ಅದರ ಮೈಯಿಂದ ಬೆರಳುಗಳಂತೆ ಹೊರಟ ಕೊಂಬುಗಳು. ಹೂ ಬಿಡುತ್ತದೆ, ಆದರೆ ಬೀಜ ಕಟ್ಟುವುದು ತೀರ ಅಪರೂಪ. ಸಾಮಾನ್ಯ ಸಸ್ಯಗಳಲ್ಲಿ ವರ್ಣತಂತುಗಳ ಜೋಡಿ ಇದ್ದರೆ ಅರಿಸಿನದಲ್ಲಿ ಮೂರು ಮೂರರ ಗುಂಪು, ಒಟ್ಟು 63. ಹಾಗಾಗಿ ಬೀಜ ಸಾಮಾನ್ಯವಾಗಿ ಬಲಿಯುವುದಿಲ್ಲ. ಈ ವರ್ಷದ ಗಡ್ಡೆಯಲ್ಲಿ ಒಂದು ಪಾಲನ್ನು ಯಾರಾದರೂ ತೆಗೆದಿಟ್ಟರೆ ಮಾತ್ರ ಮುಂದಿನ ವರ್ಷದ ಗಿಡ. ತಲೆತಲಾಂತರದಿಂದ ಜನರ ಕೈ ದಾಟಿಕೊಂಡೇ ಬಂದ ಬೆಳೆ ಇದು.

ಘಟ್ಟದ ಮೇಲೆ ಅರಿಸಿನ ಅಥವಾ ಅರಿಶಿನ, ಕರಾವಳಿಯ ಕನ್ನಡದಲ್ಲಿ ಅರಸಿನ, ತುಳುವಿನಲ್ಲಿ ಮಂಜಲ್, ಸಂಸ್ಕೃತದಲ್ಲಿ ಹರಿದ್ರಾ. ಊರ ಹೆಸರುಗಳಲ್ಲೂ ಅದು ಕೂತಿದೆ: ಬೆಳ್ತಂಗಡಿ ತಾಲೂಕಿನಲ್ಲಿ ಅರಸಿನಮಕ್ಕಿ, ಕೊಲ್ಲೂರಿನ ಕಾಡಿನಲ್ಲಿ ಅರಿಶಿನಗುಂಡಿ ಜಲಪಾತ. ಮೈ ಹಳದಿಯಾಗುವ ಕಾಯಿಲೆಗೆ ಅರಸಿನ ಕಾಮಾಲೆ ಎಂದೇ ಹೆಸರು. ಹೆಸರು ಹಂಚಿಕೊಂಡ ಮಾತ್ರಕ್ಕೆ ಎಲ್ಲವೂ ಬಂಧುಗಳಲ್ಲ. ಕಸ್ತೂರಿ ಅರಿಸಿನ, ಮಾವಿನ ಶುಂಠಿ, ಕಚೋರ ಇವು ಇದೇ ಕುಲದವು. ಪಶ್ಚಿಮ ಘಟ್ಟದ ಮರದರಸಿನ ಮಾತ್ರ ಬೇರೆಯೇ ಕುಟುಂಬದ ಬಳ್ಳಿ. ಔಷಧಿಗೆಂದು ಕಿತ್ತೂ ಕಿತ್ತೂ ಈಗ ಕಾಣಸಿಗುವುದೇ ಕಷ್ಟವಾಗಿದೆ.

ಕರಾವಳಿಯಲ್ಲಿ ಹೆಸರು ಇಷ್ಟು ಕಡೆ ಕೂತಿದ್ದರೂ, ಮಂಗಳೂರು ನಗರದ ಉತ್ತರಕ್ಕಿರುವ ಪಣಂಬೂರಿನಲ್ಲಿ ಅರಿಸಿನದ ಹೊಲ ಹುಡುಕಿದರೆ ಸಿಗದು. ಕಡಲ ಬದಿಯ ಮರಳು ನೆಲ ಅದು. ನವಮಂಗಳೂರು ಬಂದರಿಗಾಗಿ ಊರಿನ ಬಹುಭಾಗ ಹೋಯಿತು. ಮನೆ ಕಳೆದುಕೊಂಡವರಿಗೆ ಕೃಷ್ಣಾಪುರ, ಕಾಟಿಪಳ್ಳದಲ್ಲಿ ನಿವೇಶನ ಸಿಕ್ಕಿತು. 1974ರಲ್ಲಿ ಈ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಇಲ್ಲಿಂದ ಕಾಫಿ, ಗೇರುಬೀಜದ ತಿರುಳು ಹಡಗು ಹತ್ತುತ್ತವೆ. ಅರಿಸಿನದ ವಿಷಯದಲ್ಲಿ ಪಣಂಬೂರಿನ ಪಾಲು ಇರುವುದು ಗೊಬ್ಬರದಲ್ಲಿ. ಅರಿಸಿನ ಹೊಟ್ಟೆಬಾಕ ಬೆಳೆ, ಅದರಲ್ಲೂ ಪೊಟ್ಯಾಷ್ ಹೆಚ್ಚು ಬೇಡುತ್ತದೆ. ಸಂಬಾರ ಬೆಳೆ ವಿಜ್ಞಾನಿಗಳ ಶಿಫಾರಸು ಹೆಕ್ಟೇರಿಗೆ 60 ಕಿಲೋ ಸಾರಜನಕ, 50 ಕಿಲೋ ರಂಜಕ, 120 ಕಿಲೋ ಪೊಟ್ಯಾಷ್. ಭಾರತ ತನಗೆ ಬೇಕಾದ ಪೊಟ್ಯಾಷನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರದೇಶದಿಂದ ತರಿಸುತ್ತದೆ, ಅಂಥ ಗೊಬ್ಬರ ಇಳಿಯುವ ಬಂದರುಗಳಲ್ಲಿ ಪಣಂಬೂರೂ ಒಂದು. ಬಂದರಿನ ಪಕ್ಕದಲ್ಲೇ ಮಂಗಳೂರು ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್ ಕಾರ್ಖಾನೆ 1976ರಿಂದ ಯೂರಿಯಾ ತಯಾರಿಸುತ್ತಿದೆ.

ಹೊಲವಿಲ್ಲದಿದ್ದರೂ ತುಳುನಾಡಿನ ಮನೆಗಳಿಗೆ ಅರಿಸಿನದ ಒಡನಾಟ ಕಡಿಮೆಯಿಲ್ಲ. ಬಾವಿಕಟ್ಟೆಯ ಹತ್ತಿರ, ಬಚ್ಚಲ ನೀರು ಹೋಗುವ ಕಡೆ, ತೆಂಗಿನ ಬುಡದಲ್ಲಿ ನಾಲ್ಕಾರು ಗಿಡ ಇದ್ದೇ ಇರುತ್ತವೆ. ದೇಶದ ಬೇರೆಡೆ ಅರಿಸಿನವೆಂದರೆ ಒಣ ಕೊಂಬು, ಪುಡಿ. ಇಲ್ಲಿ ಮೊದಲು ಬೇಕಾದದ್ದು ಎಲೆ.

ಮೇ ತಿಂಗಳ ಮಳೆಗೆ ಊರಿದ ಗಡ್ಡೆ ಆಟಿ ತಿಂಗಳು ಕಳೆಯುವ ಹೊತ್ತಿಗೆ ಮೊಳಕೈಯುದ್ದದ ಎಲೆ ಬಿಟ್ಟಿರುತ್ತದೆ. ಸರಿಯಾಗಿ ಆಗ ನಾಗರಪಂಚಮಿ. ಬೆಳ್ತಿಗೆ ಅಕ್ಕಿಯನ್ನು ನೆನೆಸಿ ಗಟ್ಟಿಯಾಗಿ ರುಬ್ಬುತ್ತಾರೆ. ಎಲೆ ತೊಳೆದು, ಬೆನ್ನಿನ ದಪ್ಪ ನರವನ್ನು ಕತ್ತಿಯಿಂದ ಹೆರೆದು, ಹಿಟ್ಟನ್ನು ಬೆರಳಲ್ಲಿ ತೆಳ್ಳಗೆ ಸವರುತ್ತಾರೆ. ತೆಂಗಿನತುರಿಗೆ ಬೆಲ್ಲ, ಏಲಕ್ಕಿ ಬೆರೆಸಿದ ಹೂರಣವನ್ನು ನಡುವೆ ಉದ್ದಕ್ಕೆ ಹರಡಿ, ಎಲೆಯನ್ನು ಪುಸ್ತಕದಂತೆ ಮಡಚಿ ಹಬೆಗಿಡುತ್ತಾರೆ. ಅರ್ಧ ಗಂಟೆ ಕಳೆಯುವುದರೊಳಗೆ ಪರಿಮಳ ಪಡಸಾಲೆ ದಾಟಿ ಅಂಗಳಕ್ಕೆ ಬರುತ್ತದೆ. ಬಿಸಿ ಆರಿದ ಮೇಲೆ ಎಲೆ ಬಿಡಿಸಿದರೆ ಅದರ ಗೀರುಗಳೆಲ್ಲ ಕಡುಬಿನ ಮೇಲೆ ಅಚ್ಚೊತ್ತಿದ ಹಾಗೆ ಇರುತ್ತವೆ. ಕನ್ನಡದಲ್ಲಿ ಅರಸಿನ ಎಲೆಯ ಕಡುಬು, ಕೊಂಕಣಿಯಲ್ಲಿ ಪಾತೋಳಿ; ಕರಾವಳಿಯ ಕ್ಯಾಥೊಲಿಕ್ ಮನೆಗಳೂ ಇದನ್ನು ಮಾಡುತ್ತವೆ. ಹಬ್ಬದ ಹಿಂದಿನ ದಿನ ಮಂಗಳೂರಿನ ಮಾರುಕಟ್ಟೆಯಲ್ಲಿ ಎಲೆಯ ಕಟ್ಟುಗಳ ರಾಶಿ. ಊರು ಬಿಟ್ಟು ಮುಂಬೈ ಸೇರಿದ ಕರಾವಳಿಗರು ಅದೇ ಎಲೆಗಾಗಿ ಮಾಟುಂಗದ ಅಂಗಡಿಗಳಿಗೆ ಹೋಗುತ್ತಾರೆ.

ಎಲೆಯ ಪರಿಮಳಕ್ಕೂ ಗಡ್ಡೆಯ ವಾಸನೆಗೂ ಸಂಬಂಧವಿಲ್ಲ ಅನ್ನಿಸಿದರೆ ಅದು ನಿಜವೇ. ಗಡ್ಡೆಯ ಎಣ್ಣೆಯಲ್ಲಿ ಟರ್ಮೆರೋನ್ ಎಂಬ ಅಂಶ ಮುಖ್ಯ, ಎಲೆಯ ಎಣ್ಣೆಯಲ್ಲಿ ಫೆಲಾಂಡ್ರೀನ್. ಗಡ್ಡೆಗೆ ಮಣ್ಣಿನ ಘಾಟು, ಎಲೆಗೆ ತಂಪು ಕಂಪು.

ಅಡುಗೆಮನೆಯಲ್ಲಿ ಎಲೆಯಾದರೆ, ನಾಗಬನದಲ್ಲಿ ಅರಸಿನ ಹುಡಿಯೇ ಪ್ರಧಾನ. ನಾಗಮಂಡಲದ ರಂಗದಲ್ಲಿ ಬಿಳಿಯೂ ಸೇರಿ ಐದು ಬಣ್ಣಗಳಿದ್ದು ಹಳದಿಗೆ ಅರಸಿನ, ಕೆಂಪಿಗೆ ಸುಣ್ಣ ಬೆರೆಸಿದ ಅರಸಿನ, ಹಸುರಿಗೆ ಒಣಗಿಸಿದ ಸೊಪ್ಪಿನ ಹುಡಿ, ಕಪ್ಪಿಗೆ ಸುಟ್ಟ ಉಮಿ. ಐದರಲ್ಲಿ ಎರಡು ಬಣ್ಣ ಒಂದೇ ಗಡ್ಡೆಯಿಂದ ಬಂದವು. ಭೂತಕೋಲದ ಮುಖವರ್ಣಿಕೆಯ ಹೊಳೆಯುವ ಹಳದಿಯನ್ನೂ ಹಲವರು ಅರಸಿನವೆಂದೇ ತಿಳಿಯುತ್ತಾರೆ. ಅದು ಅರದಾಳ, ನೆಲದಿಂದ ತೆಗೆದ ಖನಿಜ.

ಹಳದಿ ಕೆಂಪಾಗುವುದರ ಗುಟ್ಟು ಕುರ್ಕುಮಿನ್ ಎಂಬ ಬಣ್ಣದ ಅಂಶದಲ್ಲಿದೆ. ಸುಣ್ಣ, ಸೋಡಾ ಮುಂತಾದ ಕ್ಷಾರ ತಾಗಿದರೆ ಅದು ಕೆಂಪಿಗೆ ತಿರುಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿ. ಹಿಂದಿನಿಂದ ಮನೆಗಳಲ್ಲಿ ಕುಂಕುಮ ಮಾಡುತ್ತಿದ್ದದ್ದೂ, ಆರತಿಯ ನೀರು ಕೆಂಪಾಗುವುದೂ ಇದೇ ಗುಣದಿಂದ. ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದ ತಕ್ಷಣ ಕಲೆ ಕೆಂಪಾಗುವುದನ್ನು ಬಟ್ಟೆ ಒಗೆದವರೆಲ್ಲ ಕಂಡಿದ್ದಾರೆ. ಬಿಸಿಲಿಗೆ ಹಾಕಿದರೆ ಕಲೆ ಮಾಸುತ್ತದೆ, ಏಕೆಂದರೆ ಕುರ್ಕುಮಿನ್ ಬೆಳಕು ತಡೆಯದು. ಪುಡಿಯನ್ನು ಕತ್ತಲ ಡಬ್ಬದಲ್ಲಿ ಇಡಬೇಕೆನ್ನುವುದೂ ಅದಕ್ಕೇ.

ಬೇಸಾಯಕ್ಕೆ ಬೇಕಾದದ್ದು ಸಡಿಲ ಮಣ್ಣು, ಧಾರಾಳ ನೀರು, ನೀರು ನಿಲ್ಲದ ಇಳಿಜಾರು. ಹೆಕ್ಟೇರಿಗೆ ಸುಮಾರು 2,500 ಕಿಲೋ ಬಿತ್ತನೆ ಗಡ್ಡೆ ಬೇಕು. ಆರಂಭದ ಖರ್ಚಿನಲ್ಲಿ ದೊಡ್ಡ ಭಾಗ ಅದಕ್ಕೇ ಹೋಗುತ್ತದೆ. ತಳಿ ನೋಡಿಕೊಂಡು 7ರಿಂದ 9 ತಿಂಗಳಲ್ಲಿ ಕೊಯ್ಲು. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಗಡ್ಡೆ ಕೊಳೆಯುವ ರೋಗವೇ ಮೊದಲ ಶತ್ರು. ಏರುಮಡಿ ಮಾಡಿ, ಮೇಲೆ ಸೊಪ್ಪು ಹೊದಿಸಿದರೆ ಅರ್ಧ ಗೆದ್ದ ಹಾಗೆ. ತುಸು ನೆರಳು ಸಹಿಸುವ ಗಿಡವಾದ್ದರಿಂದ ತೆಂಗಿನ ತೋಟಕ್ಕೆ ಒಳ್ಳೆಯ ಮಿಶ್ರಬೆಳೆ. ಇದಕ್ಕೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಮೊದಲಿನಿಂದ ಒತ್ತು ಕೊಟ್ಟಿದೆ. 1975ರಲ್ಲಿ ಅದೇ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿ ಕೋಯಿಕ್ಕೋಡಿನಲ್ಲಿ ಹುಟ್ಟಿದ್ದು ಇಂದಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ. ಪ್ರಭಾ, ಪ್ರತಿಭಾ, ಸುಮಾರು 180 ದಿನಕ್ಕೇ ಕೊಯ್ಲಿಗೆ ಬರುವ ಪ್ರಗತಿ ಮೊದಲಾದ ತಳಿಗಳು ಅಲ್ಲಿಯವು. ಇವುಗಳಲ್ಲಿ ಪ್ರಭಾ, ಪ್ರತಿಭಾ ಅಪರೂಪಕ್ಕೆ ಕಟ್ಟಿದ ಬೀಜದಿಂದಲೇ ಆರಿಸಿದ ತಳಿಗಳು.

ಕೊಯ್ಲಿನ ನಂತರದ ಕೆಲಸ ಬೇಸಾಯದಷ್ಟೇ ದೊಡ್ಡದು. ಕಿತ್ತ ಗಡ್ಡೆಯ ಮಣ್ಣು ತೊಳೆದು, ಕೊಂಬು ಬೇರೆ, ತಾಯಿ ಗಡ್ಡೆ ಬೇರೆ ಮಾಡಿ, ಹೊಲದ ಅಂಚಿನ ಕೊಪ್ಪರಿಗೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಬೇಕು. ನೊರೆ ಉಕ್ಕಿ, ಬಿಳಿ ಹಬೆಯೊಂದಿಗೆ ಘಮ್ಮೆನ್ನುವ ವಾಸನೆ ಎದ್ದಾಗ ಮೊಂಡು ಕಡ್ಡಿಯಿಂದ ಚುಚ್ಚಿ ನೋಡುತ್ತಾರೆ. ಸಲೀಸಾಗಿ ಇಳಿದರೆ ಬೆಂದಿತು. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಣಗಿದ ಮೇಲೆ ಪುಡಿಪುಡಿ. ಆಮೇಲೆ 10-15 ದಿನ ಬಿಸಿಲು. ಚೆನ್ನಾಗಿ ಒಣಗಿದ ಕೊಂಬನ್ನು ಮುರಿದರೆ ಲೋಹ ಮುರಿದಂಥ ಸದ್ದು ಬರುತ್ತದೆ. ಕಡೆಗೆ ಡ್ರಮ್ಮಿಗೆ ಹಾಕಿ ತಿರುಗಿಸಿ ಹೊರಸಿಪ್ಪೆ ಉಜ್ಜಿ ಹೊಳಪು ಕೊಡುತ್ತಾರೆ. ಇಷ್ಟೆಲ್ಲ ಆಗಿ 5 ಕಿಲೋ ಹಸಿ ಗಡ್ಡೆಗೆ ಕೈಗೆ ಬರುವುದು ಹತ್ತಿರ ಹತ್ತಿರ 1 ಕಿಲೋ ಒಣ ಕೊಂಬು.

ದೇಶದಲ್ಲಿ ಅರಿಸಿನ ಹೆಚ್ಚು ಬೆಳೆಯುವ ರಾಜ್ಯಗಳು ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕ, ತಮಿಳುನಾಡು. ಕರ್ನಾಟಕದ ಬೆಳೆ ಎರಡು ತುದಿಗಳಲ್ಲಿದೆ: ದಕ್ಷಿಣಕ್ಕೆ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆ; ಉತ್ತರಕ್ಕೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ. ಎರಡೂ ತುದಿಯ ರೈತರು ದೊಡ್ಡ ಮಂಡಿಗಾಗಿ ನೋಡುವುದು ಗಡಿಯಾಚೆಗೆ. ಚಾಮರಾಜನಗರದ ಮೂಟೆಗಳು ದಿಂಬಂ ಘಾಟಿಯ 27 ತಿರುವು ಇಳಿದು ಈರೋಡಿಗೆ ಹೋಗುತ್ತವೆ. ದಾರಿಯಲ್ಲಿ ಸಿಗುವ ತಾಳವಾಡಿ ತಮಿಳುನಾಡಿಗೆ ಸೇರಿದ್ದರೂ ಮನೆಮಾತು ಕನ್ನಡವಾಗಿರುವ ಸೀಮೆ. ಉತ್ತರದವರು ಕೃಷ್ಣೆಯ ದಡದ ಸಾಂಗ್ಲಿಗೆ ಒಯ್ಯುತ್ತಾರೆ. ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಅರಿಸಿನವನ್ನು ನಮ್ಮ ಹಗೇವಿನಂಥ ನೆಲಗುಳಿಗಳಲ್ಲಿ ತುಂಬಿಡುತ್ತಿದ್ದರು. 2005ರ ಕೃಷ್ಣೆಯ ನೆರೆ ನುಗ್ಗಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಈರೋಡಿನ ಅರಿಸಿನಕ್ಕೂ ಸಾಂಗ್ಲಿಯ ಅರಿಸಿನಕ್ಕೂ ಭೌಗೋಳಿಕ ಗುರುತು ದೊರೆತಿದೆ. ಬೆಳೆಯಲ್ಲಿ ಮುಂಚೂಣಿಯ ರಾಜ್ಯವೊಂದು ಬೆಲೆ ಗೊತ್ತಾಗುವ ಹೊತ್ತಿಗೆ ಪಕ್ಕದ ರಾಜ್ಯದ ಮಂಡಿಯಲ್ಲಿ ನಿಂತಿರಬೇಕಾದದ್ದು ನ್ಯಾಯವಲ್ಲ. ಲಾರಿ ಬಾಡಿಗೆ, ದಲ್ಲಾಳಿ, ಕಾಯುವ ದಿನಗಳು, ಎಲ್ಲವೂ ರೈತನ ಲೆಕ್ಕಕ್ಕೇ ಬೀಳುತ್ತವೆ.

2022-23ರಲ್ಲಿ ಭಾರತ 3.24 ಲಕ್ಷ ಹೆಕ್ಟೇರಿನಲ್ಲಿ 11.61 ಲಕ್ಷ ಟನ್ ಅರಿಸಿನ ಬೆಳೆಯಿತು. ಸರಕಾರದ ಅಂದಾಜಿನಂತೆ ಅದು ಜಗತ್ತಿನ ಬೆಳೆಯ ಮುಕ್ಕಾಲು ಪಾಲು. ಆ ವರ್ಷ ಹೊರದೇಶಕ್ಕೆ ಹೋದದ್ದು 1.534 ಲಕ್ಷ ಟನ್, ಬೆಲೆ 20.7 ಕೋಟಿ ಡಾಲರ್. ಅಂದರೆ ಬೆಳೆದದ್ದರಲ್ಲಿ ಬಹುಪಾಲು ದೇಶದ ಅಡುಗೆಮನೆಗೇ ಖರ್ಚು. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಅರಿಸಿನ ಮಂಡಳಿಯನ್ನು ಪ್ರಕಟಿಸಿತು. 2025ರ ಜನವರಿ 14ರಂದು ಅದು ಉದ್ಘಾಟನೆಯಾಯಿತು. ಕೇಂದ್ರ ಕಚೇರಿ ತೆಲಂಗಾಣದ ನಿಜಾಮಾಬಾದ್.

ಔಷಧ ಗುಣದ ಬಗ್ಗೆ ದೇಶಕ್ಕೆ ದೊಡ್ಡ ಪಾಠ ಕಲಿಸಿದ್ದು ಒಂದು ಪೇಟೆಂಟ್. ಗಾಯಕ್ಕೆ ಅರಿಸಿನ ಹಚ್ಚುವುದನ್ನು ಹೊಸ ಸಂಶೋಧನೆಯೆಂದು ಒಪ್ಪಿ 1995ರಲ್ಲಿ ಅಮೆರಿಕ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರಿಗೆ ಪೇಟೆಂಟ್ ಕೊಟ್ಟಿತು. ಆರ್. ಎ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಪ್ರಕಟಿತ ಲೇಖನಗಳನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಜ್ಜಿಯ ಮದ್ದಿಗೂ ಬರವಣಿಗೆಯ ಸಾಕ್ಷಿ ಬೇಕೆಂಬುದು ಆಗ ಮನವರಿಕೆಯಾಯಿತು. ಮರುವರ್ಷ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಬಂದ ಅಧ್ಯಯನ ಇಂದಿಗೂ ಜಗತ್ತಿನೆಲ್ಲೆಡೆ ಉಲ್ಲೇಖವಾಗುತ್ತದೆ. ಕುರ್ಕುಮಿನ್ ಒಂಟಿಯಾಗಿ ಹೋದರೆ ದೇಹ ಹೀರಿಕೊಳ್ಳುವುದು ಅತ್ಯಲ್ಪ; 2 ಗ್ರಾಂ ಕುರ್ಕುಮಿನ್ ಜೊತೆಗೆ ಕಾಳುಮೆಣಸಿನ ಸಾರವಾದ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ ಮನುಷ್ಯರಲ್ಲಿ ಆ ಪ್ರಮಾಣ ಶೇಕಡಾ 2,000ದಷ್ಟು ಏರಿತ್ತು. ಸಾರಿಗೆ ಅರಿಸಿನದ ಜೊತೆ ಮೆಣಸು ಹಾಕುವವರಿಗೆ ಇದು ಸಂತೋಷದ ಸುದ್ದಿ. ಹಾಗೆಂದು ಮಾತ್ರೆಗಳ ಹಿಂದೆ ಬೀಳಬೇಕಿಲ್ಲ. ಒಣ ಅರಿಸಿನದಲ್ಲಿ ಕುರ್ಕುಮಿನ್ ಇರುವುದೇ ಸಾಮಾನ್ಯವಾಗಿ ಶೇಕಡಾ 2ರಿಂದ 6. ಅದನ್ನು ಸಾಂದ್ರಗೊಳಿಸಿದ ಮಾತ್ರೆ ನುಂಗಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು 2019ರಲ್ಲಿ ಇಟಲಿಯಿಂದ ವರದಿಯಾದವು.

ಕಲಬೆರಕೆ ಇನ್ನೊಂದು ಭಯ. ಬಣ್ಣ ಹೊಳೆಯಲೆಂದು ಸೀಸದ ಕ್ರೋಮೇಟ್ ಸವರುವ, ಪುಡಿಗೆ ಮೆಟಾನಿಲ್ ಹಳದಿ ಬೆರೆಸುವ ದಂಧೆ ಇದೆ. ಸೀಸ ಮಕ್ಕಳ ಮಿದುಳಿಗೆ ನೇರ ವಿಷ. ಅತಿಯಾಗಿ ಹೊಳೆಯುವ ಕೊಂಬನ್ನು ಅನುಮಾನದಿಂದ ನೋಡುವುದೇ ಒಳ್ಳೆಯದು.

ಮನೆಯ ಮಟ್ಟಿಗೆ ಇದಕ್ಕೆ ಪರಿಹಾರ ಹಿತ್ತಲಲ್ಲೇ ಇದೆ. ಮಕರ ಸಂಕ್ರಾಂತಿಯ ಆಸುಪಾಸು ಗಿಡದ ಎಲೆ ಹಣ್ಣಾಗಿ ಒಣಗುತ್ತದೆ, ಆಗ ಅಗೆಯಬಹುದು. ಮುಂದಿನ ಬಿತ್ತನೆಗೆಂದು ಗಾಯವಾಗದ, ದುಂಡನೆಯ ಗಡ್ಡೆಗಳನ್ನು ಆರಿಸಿ, ನೆರಳಿನಲ್ಲಿ ಗುಂಡಿ ತೋಡಿ, ಮರಳು ಅಥವಾ ಮರದ ಹೊಟ್ಟಿನ ನಡುವೆ ಇಟ್ಟು ಮೇಲೆ ಕಾಸರಕನ ಎಲೆ ಮುಚ್ಚಬೇಕು. ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಯೂ ಇದೇ. ಕಾಸರಕ ಕರಾವಳಿಯ ಗುಡ್ಡಗಳಲ್ಲಿ ಕೇಳದೆ ಬೆಳೆಯುವ ಮರ. ಹೊಲವಿಲ್ಲದ ಮನೆಗೆ ಎರಡು ದೊಡ್ಡ ಕುಂಡ ಸಾಕು. ಮೇ ತಿಂಗಳ ಮೊದಲ ಮಳೆಗೆ ಮೊಳಕೆ ಮೇಲೆ ಬರುವಂತೆ ಊರಿದರೆ, ನಾಗರಪಂಚಮಿಗೆ ಎಲೆಯನ್ನು ಮಾರುಕಟ್ಟೆಯಿಂದ ತರಬೇಕಾಗಿಲ್ಲ.