ಮೂರನೆಯ ಮಾಳಿಗೆಯ ವಾರ್ಧಕ್ಯ

ಮುಂಬಯಿಯು ಬಹುಕಾಲ ವೃದ್ಧರಿಲ್ಲದ ನಗರವಾಗಿತ್ತು. 1911ರ ಮತ್ತು 1921ರ ಜನಗಣತಿಗಳಲ್ಲಿ ಸಾವಿರ ಪುರುಷರಿಗೆ ಆರುನೂರು ಸ್ತ್ರೀಯರೂ ಅಲ್ಲಿರಲಿಲ್ಲವೆಂಬುದನ್ನು ನೆನೆದರೆ, ಹೆಂಡಿರು ಮಕ್ಕಳನ್ನೂ ತಾಯಿತಂದೆಗಳನ್ನೂ ಊರಿನಲ್ಲಿ ಬಿಟ್ಟು, ತೋಳಿನ ಬಲವೊಂದನ್ನೇ ನಂಬಿ ಬಂದ ಗಂಡಸರ ಬೃಹತ್ ಶಿಬಿರವೊಂದು ಕಣ್ಣಮುಂದೆ ನಿಲ್ಲುತ್ತದೆ. ತೋಳು ಸೋತಾಗ, ಕೆಮ್ಮು ಎದೆಯಲ್ಲಿ ನೆಲೆಸಿದಾಗ, ಕಣ್ಣಿಗೆ ಪೊರೆ ಬಂದಾಗ ಅಂಥ ದುಡಿಮೆಗಾರನು ಗಂಟುಮೂಟೆ ಕಟ್ಟಿ ಊರಿಗೆ ಮರಳುತ್ತಿದ್ದನು. ಅವನ ಮುಪ್ಪಿನ ಕ್ಲೇಶಗಳನ್ನು ಕಂಡುದು ರತ್ನಾಗಿರಿಯ, ಸಾತಾರೆಯ, ನಮ್ಮ ದಕ್ಷಿಣ ಕನ್ನಡದ ಹಳ್ಳಿಗಳೇ ಹೊರತು ಮುಂಬಯಿಯಲ್ಲ. ಸ್ವಾತಂತ್ರ್ಯದ ಕಾಲಕ್ಕೂ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷಗಳಷ್ಟೇ ಆಗಿದ್ದುದರಿಂದ, ವಾರ್ಧಕ್ಯವೆಂಬುದು ನಗರಪಾಲಕರ ಗಣನೆಗೆ ಬರಬೇಕಾದ ವಿಷಯವೆಂದು ಆಗ ಯಾರಿಗೂ ತೋರಲಿಲ್ಲ.

ಆದುದರಿಂದಲೇ ನಗರವು ಯುವಕನ ಕಾಲಿನ ಅಳತೆಗೆ ಕಟ್ಟಲ್ಪಟ್ಟಿತು. 1896ರ ಪ್ಲೇಗಿನ ತರುವಾಯ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ಚಾಳುಗಳೆಂಬ ವಠಾರಗಳನ್ನು ಕಟ್ಟಿಸಿತು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡರ ಕಾಲದಲ್ಲಿ ಸ್ಥಾಪಿತವಾದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟು ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಇನ್ನೂರಕ್ಕೂ ಮಿಕ್ಕಿ ಚಾಳುಗಳನ್ನು ಎಬ್ಬಿಸಿತು. ನೆಲದ ಮೇಲೆ ಮೂರು ಮಾಳಿಗೆ, ಸುಮಾರು 160 ಚದರಡಿಯ ಒಂದೊಂದು ಖೋಲಿ ಅಥವಾ ಕೋಣೆ, ಮಾಳಿಗೆಗೊಂದು ಸಾಮೂಹಿಕ ಶೌಚಾಲಯ: ಲಿಫ್ಟಿನ ಮಾತೇ ಇಲ್ಲ. ಇಪ್ಪತ್ತರ ಗಿರಣಿ ಕಾರ್ಮಿಕನಿಗೆ ಆ ಮೆಟ್ಟಿಲುಗಳು ಲೆಕ್ಕವೇ ಆಗಿರಲಿಲ್ಲ.

ಕನ್ನಡಿಗರಾದ ನಮ್ಮವರೂ ಹಾಗೆಯೇ ಬಂದವರು. ಕರಾವಳಿಯಿಂದ ಹಡಗು ಹತ್ತಿ, ಅನೇಕ ವೇಳೆ ಮೀಸೆ ಮೂಡುವ ಮೊದಲೇ ಬಂದಿಳಿದ ಹುಡುಗರು ಹೋಟೆಲುಗಳಲ್ಲಿ ಗ್ಲಾಸು ತೊಳೆದು, ಟೇಬಲ್ ಒರೆಸಿ, ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅದೇ ಟೇಬಲುಗಳ ಮೇಲೆ ಮಲಗಿ, ಸಾಧ್ಯವಾದವರು ರಾತ್ರಿಶಾಲೆಗೆ ಹೋಗಿ ಬೆಳೆದರು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, 1933ರ ಕರ್ನಾಟಕ ಸಂಘ—ಇವುಗಳ ಆರಂಭಕಾಲದ ಚಿಂತೆಯೆಲ್ಲ ತರುಣನ ವಿದ್ಯೆ, ಉದ್ಯೋಗ, ಭಾಷೆಗಳನ್ನು ಕುರಿತದ್ದು. ಅದು ಸಹಜವೂ ಆಗಿತ್ತು, ಏಕೆಂದರೆ ಸದಸ್ಯರೇ ತರುಣರು. ಮಾಟುಂಗದಲ್ಲಿ ರಾಮನಾಯಕರು 1942ರಲ್ಲಿ ತೆರೆದಂಥ ಬೋರ್ಡಿಂಗುಗಳ ಕೀರ್ತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಹೋಟೆಲು ಉದ್ಯೋಗದಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ಒದ್ದೆ ನೆಲದ ಮೇಲೆ ನಿಂತೇ ಆಯುಷ್ಯ ಸವೆಸಿದವರ ಮೀನಖಂಡಗಳಲ್ಲಿ ನೀಲಿಯಾಗಿ ಉಬ್ಬಿಕೊಂಡ ನರಗಳನ್ನೂ, ಕೂತರೆ ಏಳಲಾಗದ ಮಂಡಿಗಳನ್ನೂ ಯಾವ ಸ್ಮರಣ ಸಂಚಿಕೆಯೂ ಬರೆದಿಡಬೇಕಾದಷ್ಟು ಬರೆದಿಟ್ಟಿಲ್ಲವೆಂದು ನನ್ನ ಭಾವನೆ.

ಊರಿಗೆ ಮರಳುವ ರೂಢಿ ಸಡಿಲಿದುದು ಶತಮಾನದ ಮಧ್ಯಭಾಗದಲ್ಲಿ. ಸಂಸಾರ ಮುಂಬಯಿಗೆ ಬಂದಿತು. ಮಕ್ಕಳು ಅಲ್ಲಿಯೇ ಓದಿದರು. ಊರಿನ ಗೇಣಿಭೂಮಿ, ಮನೆಗಳು ಪಾಲಾದುವು. ಇದರೊಡನೆ 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಸೇರಿತು. ಅಲ್ಪ ಬಾಡಿಗೆಗೆ ಖೋಲಿಯನ್ನು ತಲೆತಲಾಂತರಕ್ಕೂ ಭದ್ರಪಡಿಸಿದ ಈ ಕಾಯಿದೆ ಬಡವನಿಗೆ ಮಹೋಪಕಾರವನ್ನೇ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾಡಿಗೆ ಬೆಳೆಯದ ಕಟ್ಟಡಕ್ಕೆ ಮಾಲೀಕನು ದುರಸ್ತಿಯನ್ನೇ ಮಾಡಿಸದಿರುವಾಗ ಲಿಫ್ಟನ್ನು ಹಾಕಿಸುವುದೆಲ್ಲಿಂದ ಬಂದೀತು? ಬೇರೆಡೆ ಮನೆ ಹಿಡಿಯಲು ಪಗಡಿಯೆಂಬ ಇಡಿಗಂಟಿನ ಹಣ ಕೊಡುವ ಶಕ್ತಿಯಿಲ್ಲದ ಬಾಡಿಗೆದಾರನು ಇಪ್ಪತ್ತರಲ್ಲಿ ಹತ್ತಿದ ಮೂರನೆಯ ಮಾಳಿಗೆಯಲ್ಲಿಯೇ ಎಪ್ಪತ್ತನ್ನೂ ಕಂಡನು. ಉಪನಗರಗಳಿಗೆ ಸರಿದವರಲ್ಲಿಯೂ ಬಹುಮಂದಿ ಸೇರಿಕೊಂಡದ್ದು ಲಿಫ್ಟಿಲ್ಲದ ಮೂರು ನಾಲ್ಕು ಮಾಳಿಗೆಯ ವಸತಿ ಸೊಸೈಟಿಗಳನ್ನೇ.

ಮುಪ್ಪಿನ ರೋಗಗಳು ಎಲ್ಲೆಡೆಯೂ ಒಂದೇ: ಕಣ್ಣಿನ ಪೊರೆ, ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿವುಡು. ಮುಂಬಯಿಯ ಮೆಟ್ಟಿಲು ಅವುಗಳನ್ನು ಒಂದಕ್ಕೊಂದು ಹೆಣೆಯಿತು. ಕಣ್ಣು ಮಬ್ಬಾದವನು ಹಗಲಲ್ಲಿಯೂ ಕತ್ತಲಿರುವ, ಹಲಗೆ ಸವೆದ ಮೆಟ್ಟಿಲಿನಲ್ಲಿ ಕಾಲು ತಪ್ಪುತ್ತಾನೆ; ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ; ಬೀಳುವ ಭಯದಿಂದ ಮನೆಯಲ್ಲೇ ಕುಳಿತರೆ ನಡಿಗೆ ನಿಂತು ಸಕ್ಕರೆ ಏರುತ್ತದೆ; ಗ್ಯಾಲರಿಯ ತುದಿಯ ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕೂರಲಾರದೆ ನೀರು ಕುಡಿಯುವುದನ್ನೇ ಕಡಮೆ ಮಾಡಿದರೆ ಮೂತ್ರದ ಉರಿ ತಗಲಿಕೊಳ್ಳುತ್ತದೆ. ಗಿರಣಿಯಿಂದ ಬಂದವರಿಗೆ ಇದರ ಮೇಲೆ ಹತ್ತಿಯ ಧೂಳಿನ ಉಬ್ಬಸ. ವಾರದ ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುವ ಈ ರೋಗ ವರ್ಷಗಳು ಕಳೆದಂತೆ ನಿತ್ಯದ್ದಾಗುತ್ತದೆ; ಮಗ್ಗದ ಸದ್ದು ಕಿವಿಯನ್ನು ಮೊದಲೇ ಕಸಿದಿರುತ್ತದೆ. 1982ರ ಮುಷ್ಕರದ ತರುವಾಯ ಗಿರಣಿಗಳು ಮುಚ್ಚಿಹೋದರೂ, ಆ ಧೂಳು ಹಳೆಯ ಕಾರ್ಮಿಕರ ಶ್ವಾಸಕೋಶಗಳಲ್ಲಿ ಉಳಿಯಿತು.

ಆಸ್ಪತ್ರೆಗಳಿಗೆ ನಗರದಲ್ಲಿ ಬರವಿರಲಿಲ್ಲ. ಜೆ.ಜೆ. ಆಸ್ಪತ್ರೆ 1845ರದು; ಪರೇಲಿನ ಕೆ.ಇ.ಎಂ. 1926ರದು, ಗಿರಣಿಗಳ ಪ್ರದೇಶವಾದ ಗಿರಣಗಾಂವದ ಮಗ್ಗುಲಲ್ಲೇ ಇರುವಂಥದು. ಆದರೆ ಮೂರನೆಯ ಮಾಳಿಗೆಯ ರೋಗಿಗೆ ಅಂತರವನ್ನು ಅಳೆಯಬೇಕಾದುದು ಮೈಲಿಗಳಿಂದಲ್ಲ, ಮೆಟ್ಟಿಲುಗಳಿಂದ: ಕುರ್ಚಿಯಲ್ಲಿ ಕೂರಿಸಿ ಹೊತ್ತಿಳಿಸಲು ನೆರೆಯ ಇಬ್ಬರು ಹುಡುಗರು ಕೆಲಸದಿಂದ ಬರುವವರೆಗೆ ಕಾಯಬೇಕು. ಚಾಳಿನ ನೆರೆಹೊರೆ ಆ ಭಾರವನ್ನು ಗೊಣಗದೆ ಹೊತ್ತಿತೆಂಬುದು ಈ ಚರಿತ್ರೆಯ ಮರೆಯಬಾರದ ಅಂಶ.

ವರಳಿಯ ಆ ಚಾಳುಗಳು ಈಗ ಉರುಳುತ್ತಿವೆ. 2025ರ ಆಗಸ್ಟಿನಲ್ಲಿ ಅಲ್ಲಿನ 556 ಕುಟುಂಬಗಳಿಗೆ ಗಗನಚುಂಬಿ ಕಟ್ಟಡಗಳಲ್ಲಿ ಹೊಸ ಮನೆಗಳು ದೊರೆತುವು. ಮಿಕ್ಕ ಸಾವಿರಾರು ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲುಗಳು ಇದ್ದಂತೆಯೇ ಇವೆ. ಮುಂಬಯಿಯಲ್ಲಿರುವ ಓದುಗರೇ, ನಿಮ್ಮ ಪರಿಚಯದ ಹಿರಿಯರೊಬ್ಬರು ಸಂಘದ ಸಭೆಗೆ ಬರುವುದನ್ನು ಇತ್ತೀಚೆಗೆ ನಿಲ್ಲಿಸಿದ್ದರೆ, ಈ ಭಾನುವಾರ ನೀವೇ ಅವರ ಮಾಳಿಗೆ ಹತ್ತಿ ಹೋಗಿ ಮಾತನಾಡಿಸಿ ಬನ್ನಿ.