ಹಿಂದಲೆಯಿಂದ ಮುಂದಲೆಗೆ: ಒಂದು ನಾಟಿಯ ಚರಿತ್ರೆ

ಮುಂಬಯಿಯಲ್ಲಿ ಕೂದಲು ಕಸಿಯ ಜಾಹೀರಾತು ಕಣ್ಣಿಗೆ ಬೀಳದ ದಿನವಿಲ್ಲ. ನಲವತ್ತು ದಾಟಿ, ಹಣೆ ನೆತ್ತಿಯ ಕಡೆ ಹೊರಟಿರುವ ನನ್ನಂಥವರ ಮೊಬೈಲಿಗಂತೂ ಅದು ತಾನಾಗಿಯೇ ಹುಡುಕಿಕೊಂಡು ಬರುತ್ತದೆ. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ನೋಡಿ ನಕ್ಕ ಗೆಳೆಯರೇ ಈಗ ಊಟದ ಹೊತ್ತಿನಲ್ಲಿ ಗ್ರಾಫ್ಟಿಗೆ ಎಷ್ಟು ರೇಟು ಎಂದು ಚರ್ಚಿಸುತ್ತಾರೆ. ರೇಟು ಕೇಳುವ ಮೊದಲು ಈ ವಿದ್ಯೆಯ ಚರಿತ್ರೆ ತಿಳಿದಿರಬೇಕು ಎನ್ನುವುದು ನನ್ನ ವಾದ.

ಜಪಾನಿನ ವೈದ್ಯ ಶೋಜಿ ಒಕುಡಾ, ಸುಟ್ಟಗಾಯದಿಂದ ಕೂದಲು ಕಳೆದುಕೊಂಡವರಿಗೆ ಕೂದಲಿರುವ ಚರ್ಮದ ಸಣ್ಣ ಬಿಲ್ಲೆಗಳನ್ನು ನೆಟ್ಟ ವಿವರವನ್ನು 1939ರಲ್ಲಿ ಪ್ರಕಟಿಸಿದರು. ಬರೆದದ್ದು ಜಪಾನಿ ಭಾಷೆಯಲ್ಲಿ, ಬೆನ್ನಿಗೇ ಮಹಾಯುದ್ಧ. ಪಶ್ಚಿಮದ ವೈದ್ಯರಿಗೆ ಅದು ದಶಕಗಳ ಕಾಲ ತಲುಪಲೇ ಇಲ್ಲ. 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಖ್ ಸಾಮಾನ್ಯ ಬೊಕ್ಕತಲೆಗೆ ಇದೇ ಕೆಲಸ ಮಾಡಿ, 1959ರಲ್ಲಿ ಪ್ರಕಟಿಸಿದರು. ಅವರು ಕಂಡುಕೊಂಡ ಸತ್ಯ ಸರಳ: ಕೂದಲಿನ ಗುಣ ಇರುವುದು ಅದರ ಬೇರಿನಲ್ಲಿ, ನೆಟ್ಟ ಜಾಗದಲ್ಲಲ್ಲ. ನೆತ್ತಿಯ ಕೂದಲನ್ನು ಸೊರಗಿಸುವ ಹಾರ್ಮೋನು ಹಿಂದಲೆಯ ಕೂದಲನ್ನು ಅಷ್ಟಾಗಿ ಬಾಧಿಸುವುದಿಲ್ಲ. ಆ ಬೇರನ್ನು ಮುಂದೆ ತಂದು ನೆಟ್ಟರೂ ಅದು ತನ್ನ ಹುಟ್ಟುಗುಣವನ್ನೇ ಉಳಿಸಿಕೊಳ್ಳುತ್ತದೆ.

ಭತ್ತದ ನಾಟಿ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ. ನೆಟ್ಟ ಭತ್ತ ತೆಂಡೆ ಒಡೆದು ಹೆಚ್ಚುತ್ತದೆ, ಕೂದಲು ಹೆಚ್ಚುವುದಿಲ್ಲ. ಹಿಂದಿನಿಂದ ತೆಗೆದಷ್ಟು ಹಿಂದೆ ಕಡಿಮೆ. ಸಸಿಮಡಿ ಖಾಲಿಯಾದರೆ ಮತ್ತೆ ಬಿತ್ತನೆಯಿಲ್ಲ.

ಒರೆಂಟ್ರೈಖ್ ಕಾಲದ ಬಿಲ್ಲೆ ಸುಮಾರು 4 ಮಿಲಿಮೀಟರ್ ಅಗಲ. ತಲೆ ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಕೂದಲು ಸಹಜವಾಗಿಯೇ ಒಂದರಿಂದ ನಾಲ್ಕರ ಪುಟ್ಟ ಗುಂಪುಗಳಲ್ಲಿ ಹುಟ್ಟುತ್ತದೆ ಎಂದು 1984ರಲ್ಲಿ ಹೆಡಿಂಗ್ಟನ್ ವಿವರಿಸಿದ ಮೇಲೆ ದಾರಿ ಬದಲಾಯಿತು. ಹಿಂದಲೆಯಿಂದ ಚರ್ಮದ ಪಟ್ಟಿ ಕತ್ತರಿಸಿ, ಸೂಕ್ಷ್ಮದರ್ಶಕದಡಿ ಆ ಗುಂಪುಗಳನ್ನು ಬಿಡಿಸುವ ಎಫ್‌ಯುಟಿ ಬಂತು. ಒಂದೊಂದೇ ಗುಂಪನ್ನು ಸುಮಾರು 1 ಮಿಲಿಮೀಟರಿನ ಕೊಳವೆಯಿಂದ ಕೊರೆದು ತೆಗೆಯುವ ಎಫ್‌ಯುಇ ಬಗ್ಗೆ ರಾಸ್‌ಮನ್ ಮತ್ತು ಬರ್ನ್‌ಸ್ಟೀನ್ 2002ರಲ್ಲಿ ಬರೆದರು. ಉದ್ದ ಗಾಯದ ಗುರುತು ಬೇಡ ಎನ್ನುವವರಿಗೆ ಇದು ಪ್ರಿಯವಾಯಿತು. ಆದರೆ ಚುಕ್ಕೆ ಗುರುತುಗಳು ಇದರಲ್ಲೂ ಉಳಿಯುತ್ತವೆ.

ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಇಲ್ಲಿ ಕಾಣುವುದು ಗಂಟೆಗಳ ಲೆಕ್ಕ. 8 ಗಂಟೆಯಲ್ಲಿ 3,000 ಗ್ರಾಫ್ಟ್ ಎಂದರೆ, ತೆಗೆದು ನೆಡಲು ಒಂದಕ್ಕೆ ಹತ್ತು ಸೆಕೆಂಡೂ ಇಲ್ಲ. ಒಬ್ಬ ಡಾಕ್ಟರ ಎರಡು ಕೈಗೆ ಆಗುವ ಕೆಲಸವಲ್ಲ. ಹಾಗಾಗಿಯೇ ತಂತ್ರಜ್ಞರ ತಂಡ ಬೇಕು. ತಂಡವಷ್ಟೇ ಇದ್ದು ಡಾಕ್ಟರು ಮಾಯವಾಗುವ ಅಪಾಯವೂ ಅಲ್ಲೇ ಇದೆ. ನಾನು ವಿಚಾರಿಸಿದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ ಮುಖ ಕಾಣುವ ಮೊದಲೇ ಇಎಂಐ ಲೆಕ್ಕ ಕೈಗೆ ಬಂದಿತ್ತು.

2019ರ ಮಾರ್ಚ್‌ನಲ್ಲಿ ಈ ನಗರದ ಉದ್ಯಮಿಯೊಬ್ಬರು ಕೂದಲು ಕಸಿಯಾದ ಎರಡೇ ದಿನಕ್ಕೆ ತೀರಿಕೊಂಡರು. ಒಂದೇ ಸರದಿಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಗ್ರಾಫ್ಟ್ ನೆಟ್ಟಿದ್ದರೆಂದು ಪತ್ರಿಕೆಗಳು ಬರೆದವು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿತು: ಇದನ್ನು ಮಾಡಬೇಕಾದವರು ತಕ್ಕ ತರಬೇತಿ ಪಡೆದ, ನೋಂದಾಯಿತ ವೈದ್ಯರು, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು.

ಮಾಡಿಸಿಕೊಳ್ಳುವವರು ತಿಳಿದಿರಬೇಕಾದದ್ದು ಇಷ್ಟು. ತಲೆಗಷ್ಟೇ ಮರಗಟ್ಟಿಸುವ ಚುಚ್ಚುಮದ್ದು. ಇಡೀ ದಿನದ ಕೆಲಸ. ಹಕ್ಕಳೆ ಉದುರಲು ಒಂದು ವಾರ, ಹತ್ತು ದಿನ. ಕೆಲವೇ ವಾರಗಳಲ್ಲಿ ನೆಟ್ಟ ಕೂದಲೂ ಉದುರುತ್ತದೆ. ಗಾಬರಿ ಬೇಡ, ಬೇರು ಒಳಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರು, ಪೂರ್ತಿ ಫಲಕ್ಕೆ ಒಂದು ವರ್ಷ. ಸುತ್ತಲಿನ ಹಳೆಯ ಕೂದಲು ಉದುರುವುದು ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಔಷಧಿಯೇ ಬೇಕಾಗಬಹುದು.

ಕೇಳಬೇಕಾದ ಪ್ರಶ್ನೆಗಳೂ ಇವೇ. ಕೊರೆಯುವವರು ಯಾರು? ಅವರ ಪದವಿ ಏನು? ಉಸಿರಾಟಕ್ಕೆ ತೊಂದರೆಯಾದರೆ ಏನು ವ್ಯವಸ್ಥೆಯಿದೆ? ಹಿಂದಲೆಯಲ್ಲಿ ನಾಳೆಗೆ ಎಷ್ಟು ಉಳಿಯುತ್ತದೆ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಬೊಕ್ಕತಲೆಯಿಂದ ಯಾರೂ ಸತ್ತಿಲ್ಲ.