ಓಟದ ಕಾರಿನ ಎಂಜಿನ್ನನ್ನು ನಂಬುವುದು ಹೇಗೆ?

ವೇಗವಾಗಿ ಓಡುವ ಮೋಟಾರು ಕಾರನ್ನು ನೋಡಿ ಮೆಚ್ಚುವವರು ಹಲವರು, ಕೊಳ್ಳುವವರು ಕೆಲವರು, ಕೊಂಡ ಮೇಲೆ ನಿಶ್ಚಿಂತೆಯಿಂದ ನಿದ್ರೆ ಮಾಡುವವರು ಅವರಿಗಿಂತಲೂ ಕೆಲವರು. ಎತ್ತಿನ ಗಾಡಿಯನ್ನು ಕೊಳ್ಳಹೋದ ರೈತ ಗಾಲಿಯನ್ನು ತಿರುಗಿಸಿ ನೋಡುತ್ತಾನೆ, ಅಚ್ಚನ್ನು ಕೈಯಿಂದ ಮುಟ್ಟಿ ನೋಡುತ್ತಾನೆ, ಕಡೆಗೀಲು ಭದ್ರವಾಗಿದೆಯೇ ಎಂದು ಎಳೆದು ನೋಡುತ್ತಾನೆ. ಓಟದ ಕಾರನ್ನು ಕೊಳ್ಳುವವನಿಗೆ ಈ ಅನುಕೂಲವಿಲ್ಲ. ಅದರ ಪ್ರಾಣವೆಲ್ಲ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಇದೆ. ಬಣ್ಣ ಕಾಣುತ್ತದೆ, ಸದ್ದು ಕೇಳುತ್ತದೆ, ಬೆಲೆಯಂತೂ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಎಂಜಿನ್ನು ಎಷ್ಟು ಕಾಲ ಬಾಳುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ. ಹೀಗಿರುವಾಗ ಅವನು ನಂಬುವುದು ಯಾವುದನ್ನು? ತಯಾರಕರ ಹೆಸರನ್ನೇ? ಪಂದ್ಯದಲ್ಲಿ ಗೆದ್ದ ಕೀರ್ತಿಯನ್ನೇ? ಅಥವಾ ನಾಲ್ಕು ಜನರ ಬಾಯಿಮಾತನ್ನೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಜರ್ಮನಿಯ ಪೋರ್ಷೆ ಕಾರಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಂಬಿಕೆಗೆ ಹೆಸರಾದ ಕಾರು ಅದು; ಆ ನಂಬಿಕೆಗೆ ಒಂದಲ್ಲ, ಹಲವು ಸಲ ಪೆಟ್ಟು ಬಿದ್ದದ್ದೂ ಉಂಟು.

ಎರಡನೆಯ ಮಹಾಯುದ್ಧ ಮುಗಿದ ಮೂರು ವರ್ಷಗಳಿಗೆ, ಎಂದರೆ 1948ರಲ್ಲಿ, ಆಸ್ಟ್ರಿಯಾ ದೇಶದ ಗ್ಮುಂಡ್ ಎಂಬ ಸಣ್ಣ ಊರಿನಲ್ಲಿ ಫೆರಿ ಪೋರ್ಷೆ ಮತ್ತು ಅವನ ಸಂಗಡಿಗರು ತಮ್ಮ ಹೆಸರಿನ ಮೊದಲ ಕಾರನ್ನು ಸಿದ್ಧಪಡಿಸಿದರು. ಅದಕ್ಕೆ 356 ಎಂಬ ಸಂಖ್ಯೆಯೇ ಹೆಸರಾಯಿತು. ಅದರ ಎಂಜಿನ್ನು ಜನಸಾಮಾನ್ಯರ ಫೋಕ್ಸ್‌ವ್ಯಾಗನ್ ಕಾರಿನದೇ. ಅದನ್ನೇ ಸ್ವಲ್ಪ ತಿದ್ದಿ ತೀಡಿ ಚುರುಕುಗೊಳಿಸಿದ್ದರು. ನೀರಿಲ್ಲದೆ ಗಾಳಿಯಿಂದಲೇ ತಂಪಾಗುವ ಎಂಜಿನ್ನು ಅದು. ನೀರೇ ಇಲ್ಲದ ಮೇಲೆ ಸೋರುವ ಭಯವಿಲ್ಲ, ಚಳಿಗೆ ಹೆಪ್ಪುಗಟ್ಟುವ ಭಯವೂ ಇಲ್ಲ. ಶಕ್ತಿ ಅಲ್ಪವಾದರೂ ಕಾರು ಹಗುರವಾದ್ದರಿಂದ ಅದು ಲವಲವಿಕೆಯಿಂದ ಓಡಿತು. 1951ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟದಲ್ಲಿ ತನ್ನ ವರ್ಗದ ಜಯವನ್ನೂ ಗಳಿಸಿತು. ಸರಳವಾದದ್ದು ಬಾಳುತ್ತದೆ ಎಂಬ ಮೊದಲ ಪಾಠ ಇಲ್ಲಿಯದು.

ಆದರೆ ವೇಗದ ರುಚಿ ಹತ್ತಿದವನಿಗೆ ಸರಳತೆ ಸಾಲುವುದಿಲ್ಲ. ಎರ್ನ್ಸ್ಟ್ ಫೂರ್‌ಮಾನ್ ಎಂಬ ತರುಣ ಎಂಜಿನಿಯರು ಐವತ್ತರ ದಶಕದ ಮೊದಲಲ್ಲಿ ಒಂದು ಹೊಸ ಎಂಜಿನ್ನನ್ನು ರಚಿಸಿದ. ಸಿಲಿಂಡರುಗಳು ಹಿಂದಿನಂತೆ ನಾಲ್ಕೇ; ಆದರೆ ಕ್ಯಾಮ್ ಷಾಫ್ಟುಗಳೂ ನಾಲ್ಕು. ಅವುಗಳನ್ನು ತಿರುಗಿಸಲು ಷಾಫ್ಟುಗಳು, ಹಲ್ಲುಗಾಲಿಗಳು. ಕ್ರ್ಯಾಂಕ್ ಷಾಫ್ಟು ತಿರುಗುವುದು ರೋಲರು ಬೇರಿಂಗುಗಳ ಮೇಲೆ. ಪಂದ್ಯಗಳಲ್ಲಿ ಅದು ತನಗಿಂತ ದೊಡ್ಡ ಎಂಜಿನ್ನುಗಳನ್ನು ಹಿಂದಿಕ್ಕಿತು. ಆದರೆ ಅದೇ ಎಂಜಿನ್ನನ್ನು ಕರೇರಾ ಎಂಬ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರಿದಾಗ ತೊಂದರೆ ಕಂಡಿತು. ಊರೊಳಗೆ ನಿಧಾನವಾಗಿ, ಮೇಲಿನ ಗೇರಿನಲ್ಲಿ ಎಳೆದಾಡಿಸಿಕೊಂಡು ಓಡಿಸಿದರೆ ರೋಲರು ಬೇರಿಂಗು ತಾಳುತ್ತಿರಲಿಲ್ಲ. ಅದನ್ನು ಬಿಚ್ಚಿ ಜೋಡಿಸುವುದಕ್ಕೆ ನುರಿತ ಕೈಯೇ ಬೇಕು, ಆ ಕೈಗೂ ಬಹಳ ಹೊತ್ತು ಬೇಕು. ಪಂದ್ಯದ ಕುದುರೆಯನ್ನು ಜಟಕಾಕ್ಕೆ ಕಟ್ಟಿದಂತಾಯಿತು. ಪಂದ್ಯದ ಗೆಲುವೂ ದಿನಬಳಕೆಯ ಬಾಳಿಕೆಯೂ ಒಂದೇ ಅಲ್ಲ ಎಂಬುದು ಎರಡನೆಯ ಪಾಠ.

ಈ ಎರಡೂ ಪಾಠಗಳನ್ನು ಕಲಿತ ಮೇಲೆ ಬಂದದ್ದು 911. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು 901 ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ಮಧ್ಯೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತಮ್ಮವು ಎಂದು ಫ್ರಾನ್ಸಿನ ಪ್ಯೂಜೋ ಕಂಪೆನಿ ಆಕ್ಷೇಪಿಸಿದ್ದರಿಂದ ಸೊನ್ನೆ ಹೋಗಿ ಒಂದು ಬಂತು. ಆರು ಸಿಲಿಂಡರು, ಎರಡು ಲೀಟರು ಗಾತ್ರ, 130 ಅಶ್ವಶಕ್ತಿ. ಈ ಎಂಜಿನ್ನಿನ ರಚನೆಯಲ್ಲಿ ಮುಖ್ಯ ಪಾತ್ರ ವಹಿಸಿದವನು ಹಾನ್ಸ್ ಮೆಟ್ಸ್‌ಗರ್. ಎಣ್ಣೆಯನ್ನು ಎಂಜಿನ್ನಿನ ತಳದಲ್ಲಿ ನಿಲ್ಲಿಸದೆ ಬೇರೊಂದು ತೊಟ್ಟಿಯಲ್ಲಿ ಇಟ್ಟು ಪಂಪಿನಿಂದ ಹರಿಸುವ ಏರ್ಪಾಡು ಅದರಲ್ಲಿತ್ತು. ತಿರುವಿನಲ್ಲಿ ಕಾರು ಎಷ್ಟು ವಾಲಿದರೂ ಬೇರಿಂಗುಗಳಿಗೆ ಎಣ್ಣೆ ತಪ್ಪುತ್ತಿರಲಿಲ್ಲ. 1967ರಲ್ಲಿ ನ್ಯೂರ್‌ಬರ್ಗ್‌ರಿಂಗ್ ಎಂಬ ಬೆಟ್ಟದ ಹಾದಿಯಲ್ಲಿ 84 ಗಂಟೆಗಳ ಕಾಲ ನಡೆದ ಓಟವನ್ನು 911 ಗೆದ್ದಿತು. 1968, 1969, 1970, ಈ ಮೂರು ವರ್ಷವೂ ಹಿಮದಲ್ಲಿ ನಡೆಯುವ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಅದೇ ಗೆದ್ದಿತು. ಪೋರ್ಷೆ ಎಂದರೆ ಮುರಿಯದ ಯಂತ್ರ ಎಂಬ ಮಾತು ಲೋಕದಲ್ಲಿ ಹುಟ್ಟಿದ್ದು ಹೀಗೆ.

ಆ ಮಾತು ಪೂರ್ತಿ ನಿಜವಾಗಿತ್ತೇ? ಇಲ್ಲ. ಎಪ್ಪತ್ತರ ದಶಕದಲ್ಲಿ ಎಂಜಿನ್ನಿನ ಗಾತ್ರವನ್ನು 2.7 ಲೀಟರಿಗೆ ಹಿಗ್ಗಿಸಿದರು. ಹೊರಗಿನ ಕವಚವೋ ಮೆಗ್ನೀಸಿಯಂ ಲೋಹದ್ದು. ಹಗುರ, ಆದರೆ ಮೆತು. ಅಮೆರಿಕದಲ್ಲಿ ಹೊಗೆಯ ಕಾನೂನು ಬಿಗಿಯಾದಾಗ ಹೊಗೆಯನ್ನು ಸುಟ್ಟು ಶುದ್ಧಿಮಾಡುವ ಉಪಕರಣವನ್ನು ಎಂಜಿನ್ನಿಗೆ ಅಂಟಿಸಿದರು. ಆ ಶಾಖಕ್ಕೆ ಸಿಲಿಂಡರುಗಳನ್ನು ಹಿಡಿದಿದ್ದ ಉದ್ದನೆಯ ಬೋಲ್ಟುಗಳು ಮೆತುವಾದ ಲೋಹದಿಂದ ಕಿತ್ತುಬಂದವು. ಕ್ಯಾಮ್ ಷಾಫ್ಟಿನ ಸರಪಣಿಯನ್ನು ಬಿಗಿಹಿಡಿಯುವ ಸಣ್ಣ ಸಾಧನವೂ ಆಗಾಗ ಕೈಕೊಡುತ್ತಿತ್ತು. ಆದರೆ ತಯಾರಕರು ಕಣ್ಣುಮುಚ್ಚಿ ಕೂರಲಿಲ್ಲ. 1978ರ ಮಾದರಿಯಲ್ಲಿ ಕವಚ ಅಲ್ಯೂಮಿನಿಯಮ್ಮಿನದಾಯಿತು. 1984ರ ಮಾದರಿಯಲ್ಲಿ ಸರಪಣಿಯನ್ನು ಎಣ್ಣೆಯ ಒತ್ತಡದಿಂದಲೇ ಬಿಗಿಯುವ ಸಾಧನ ಬಂತು. ಇಪ್ಪತ್ತು ವರ್ಷಗಳ ತಿದ್ದುಪಡಿಯ ಫಲವಾಗಿ ಎಂಜಿನ್ನು ಮಾಗಿತು. ಹುಟ್ಟುವಾಗಲೇ ಪರಿಪೂರ್ಣವಾಗಿ ಹುಟ್ಟಿದ ಯಂತ್ರ ಎಲ್ಲಿಯೂ ಇಲ್ಲ. ಮಾಗಿದ ಯಂತ್ರಗಳು ಇವೆ.

ತೊಂಬತ್ತರ ದಶಕದಲ್ಲಿ ಕಂಪೆನಿಯ ಸ್ಥಿತಿ ಕೆಟ್ಟಿತು. 1986ರಲ್ಲಿ ವರ್ಷಕ್ಕೆ 50,000ಕ್ಕೂ ಹೆಚ್ಚು ಕಾರು ಮಾರಿದವರು, ಆರೇಳು ವರ್ಷಗಳಲ್ಲಿ ಅದರ ಮೂರನೆಯ ಒಂದು ಭಾಗವನ್ನೂ ಮಾರಲಾರದೆ ಹೋದರು. ಬಾಗಿಲು ಹಾಕಬೇಕಾದೀತೆಂಬ ಭಯ. ಹೊಸ ಮುಖ್ಯಾಧಿಕಾರಿ ವೆಂಡೆಲಿನ್ ವೀಡೆಕಿಂಗ್ ಜಪಾನಿನಿಂದ ಉತ್ಪಾದನೆಯ ನಿಪುಣರನ್ನು ಕರೆಸಿ ಕಾರ್ಖಾನೆಯ ಖರ್ಚನ್ನು ಇಳಿಸಿದ. ಎರಡು ಹೊಸ ಕಾರುಗಳು ಒಂದೇ ಮೂಲದಿಂದ ರೂಪುಗೊಂಡವು: 1996ರಲ್ಲಿ ಬಾಕ್ಸ್‌ಸ್ಟರ್, 1997ರಲ್ಲಿ 996 ಎಂದು ಕರೆಯಲ್ಪಡುವ ಹೊಸ 911. ಗಾಳಿಯಿಂದ ತಂಪಾಗುವ ಎಂಜಿನ್ನಿನ ಕಾಲ 1998ರಲ್ಲಿ ಮುಗಿಯಿತು. ಹೊಗೆ, ಸದ್ದುಗಳ ಹೊಸ ಕಾನೂನಿಗೆ ನೀರಿನ ಎಂಜಿನ್ನೇ ಅನಿವಾರ್ಯವಾಗಿತ್ತು.

ಈ ಹೊಸ ಎಂಜಿನ್ನಿನೊಳಗೆ, ಕ್ರ್ಯಾಂಕ್ ಷಾಫ್ಟಿನ ಕೆಳಗೆ, ಇನ್ನೊಂದು ಷಾಫ್ಟು ಇದೆ. ಕ್ರ್ಯಾಂಕ್ ಷಾಫ್ಟು ಸರಪಣಿಯ ಮೂಲಕ ಅದನ್ನು ತಿರುಗಿಸುತ್ತದೆ. ಅದು ತನ್ನ ಎರಡು ತುದಿಗಳಿಂದ ಎರಡು ಪಕ್ಕದ ಕ್ಯಾಮ್ ಷಾಫ್ಟುಗಳನ್ನು ತಿರುಗಿಸುತ್ತದೆ. ನಡುವೆ ನಿಂತು ಕೆಲಸ ಮಾಡುವುದರಿಂದ ಅದಕ್ಕೆ ಮಧ್ಯದ ಷಾಫ್ಟು ಎಂದು ಹೆಸರು. ಹಳೆಯ ಎಂಜಿನ್ನಿನಲ್ಲಿಯೂ ಇಂಥದೊಂದು ಇತ್ತು. ಆದರೆ ಅದರ ಬೇರಿಂಗಿಗೆ ಎಂಜಿನ್ನಿನ ಎಣ್ಣೆ ಒತ್ತಡದಿಂದ ಹರಿದುಬರುತ್ತಿತ್ತು. ಹೊಸದರಲ್ಲಿ, ಕ್ಲಚ್ಚಿನ ಕಡೆಯ ತುದಿಗೆ, ಒಳಗೆ ಗ್ರೀಸು ತುಂಬಿ ಎರಡು ಪಕ್ಕವೂ ಮುಚ್ಚಿದ ಗುಂಡಿನ ಬೇರಿಂಗನ್ನು ಇಟ್ಟರು. ಅದರ ಮುಚ್ಚಳ ವರ್ಷಗಳು ಕಳೆದಂತೆ ಸಡಿಲುತ್ತದೆ. ಬಿಸಿ ಎಣ್ಣೆ ಒಳನುಗ್ಗಿ ಗ್ರೀಸನ್ನು ತೊಳೆದುಹಾಕುತ್ತದೆ. ಒಳಹೊಕ್ಕ ಎಣ್ಣೆ ಹೊಸದಾಗಿ ಹರಿಯದೆ ಅಲ್ಲಿಯೇ ನಿಂತು ಕೆಡುತ್ತದೆ. ಗುಂಡುಗಳು ಸವೆಯುತ್ತವೆ. ಒಂದು ದಿನ ಬೇರಿಂಗು ಪುಡಿಯಾದರೆ ಷಾಫ್ಟು ಓಲಾಡುತ್ತದೆ, ಸರಪಣಿ ಜಾರುತ್ತದೆ, ತೆರೆದ ವಾಲ್ವಿಗೆ ಪಿಸ್ಟನ್ನು ಹೋಗಿ ಬಡಿಯುತ್ತದೆ. ಅಂಗೈಯಲ್ಲಿ ಹಿಡಿಯುವಂಥ ಒಂದು ಬೇರಿಂಗು ಇಡೀ ಎಂಜಿನ್ನನ್ನೇ ತೆಗೆದುಕೊಂಡು ಹೋಗುತ್ತದೆ. ದೊಡ್ಡ ಬಂಡಿಯೂ ಬೀಳುವುದು ಚಿಕ್ಕ ಕಡೆಗೀಲಿನಿಂದಲೇ ಅಲ್ಲವೇ?

ಎಲ್ಲ ಎಂಜಿನ್ನುಗಳೂ ಹೀಗೆ ಮುರಿದವೆಂದು ನೀವು ತಿಳಿಯಬಾರದು. ಬಹುಪಾಲು ಕಾರುಗಳು ಏನೂ ಆಗದೆ ಓಡಿದವು. ಆದರೆ ಮುರಿದವನ ಕೂಗು ಊರಿಗೆಲ್ಲ ಕೇಳುತ್ತದೆ. ಸುಖವಾಗಿ ಓಡಿಸುವವನು ಯಾರಿಗೂ ಹೇಳುವುದಿಲ್ಲ. ಹಾಗೆಂದು ಕೂಗು ಸುಳ್ಳೂ ಅಲ್ಲ. ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗು ಇತ್ತು. ಆಮೇಲೆ ಒಂದೇ ಸಾಲಿನದನ್ನು ಹಾಕಿದರು. ಹೆಚ್ಚು ತೊಂದರೆ ಕೊಟ್ಟದ್ದು ಅದೇ. ಅಮೆರಿಕದಲ್ಲಿ ಕಾರಿನ ಮಾಲೀಕರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. 2001ರಿಂದ 2005ರವರೆಗಿನ ಮಾದರಿಗಳ ಕುರಿತಾದ ಆ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಕಂಪೆನಿ ಮೊದಲು ಬೇರಿಂಗನ್ನು ದೊಡ್ಡದು ಮಾಡಿ, ಕೊನೆಗೆ 2009ರ ಮಾದರಿಯ ಹೊಸ ಎಂಜಿನ್ನಿನಲ್ಲಿ ಆ ಮಧ್ಯದ ಷಾಫ್ಟನ್ನೇ ಕೈಬಿಟ್ಟಿತ್ತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ಕಾಲದಲ್ಲಿ ಅದೇ ಕಂಪೆನಿ ತನ್ನ ಅತಿ ವೇಗದ ಕಾರುಗಳಾದ ಜಿ.ಟಿ. 3 ಮತ್ತು ಟರ್ಬೊಗಳಿಗೆ ಈ ಎಂಜಿನ್ನನ್ನು ಹಾಕಲಿಲ್ಲ. 1998ರಲ್ಲಿ ಲೆ ಮಾನ್ ಗೆದ್ದ ಪಂದ್ಯದ ಕಾರಿನ ಎಂಜಿನ್ನಿನಿಂದ, ಎಂದರೆ ಮೆಟ್ಸ್‌ಗರನ ಹಳೆಯ ವಂಶದಿಂದ ಬಂದ ಎಂಜಿನ್ನನ್ನು ಹಾಕಿದರು. ಮೆಟ್ಸ್‌ಗರ್ 2020ರಲ್ಲಿ ತೀರಿಕೊಂಡ. ಆದರೆ ಹಳೆಯ ಕಾರುಗಳ ಪೇಟೆಯಲ್ಲಿ ಅವನ ಹೆಸರಿಗೇ ಒಂದು ಬೆಲೆ ಇದೆ. ಕಡಿಮೆ ವೇಗದ ಕಾರೇ ಗಟ್ಟಿ, ಹೆಚ್ಚು ವೇಗದ್ದು ನಾಜೂಕು ಎಂಬ ನಮ್ಮ ಸಾಮಾನ್ಯ ಎಣಿಕೆ ಇಲ್ಲಿ ತಲೆಕೆಳಗಾಯಿತು.

ಹಾಗಾದರೆ ಹೆಚ್ಚು ಬೆಲೆ ಕೊಟ್ಟರೆ ನಿಶ್ಚಿಂತೆಯೇ? ಅದಕ್ಕೂ ಕಾಲವೇ ಉತ್ತರ ಹೇಳಿತು. 2014ರಲ್ಲಿ ಹೊಸ ಜಿ.ಟಿ. 3 ಕಾರುಗಳ ಪೈಕಿ ಎರಡಕ್ಕೆ ಬೆಂಕಿ ಹತ್ತಿತು. ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲವಾಗಿ ಎಂಜಿನ್ನಿನ ಕವಚ ಒಡೆದಿತ್ತು. ಕಾರುಗಳನ್ನು ಓಡಿಸಬೇಡಿ ಎಂದು ಕಂಪೆನಿಯೇ ಮಾಲೀಕರಿಗೆ ತಿಳಿಸಿ, ಆಗ ಮಾರಾಟವಾಗಿದ್ದ 785 ಕಾರುಗಳಿಗೂ ಹೊಸ ಎಂಜಿನ್ನನ್ನು ಕೂರಿಸಿಕೊಟ್ಟಿತು. ಹಿಂದಿನ ಬೇರಿಂಗಿನ ಪ್ರಕರಣದಲ್ಲಿ ಮಾಲೀಕರು ನ್ಯಾಯಾಲಯದವರೆಗೆ ನಡೆಯಬೇಕಾಯಿತು. ಇಲ್ಲಿ ತಯಾರಕರೇ ಗ್ರಾಹಕನ ಬಳಿಗೆ ನಡೆದುಬಂದರು. ದೋಷ ಎರಡರಲ್ಲಿಯೂ ಉಂಟು. ಗ್ರಾಹಕನ ಮನಸ್ಸಿನಲ್ಲಿ ಉಳಿಯುವುದು ದೋಷ ಮಾತ್ರವಲ್ಲ, ದೋಷ ಕಂಡಾಗ ತಯಾರಕರು ನಡೆದುಕೊಂಡ ರೀತಿಯೂ ಹೌದು.

ಇಷ್ಟೆಲ್ಲ ತಿಳಿದ ಮೇಲೆ ಹಳೆಯ ಕಾರನ್ನು ಆರಿಸುವವನು ಏನು ಮಾಡಬೇಕು? ಮೊದಲನೆಯದಾಗಿ, ಕಾರಿನ ಹೆಸರನ್ನು ಕೇಳಿದರೆ ಸಾಲದು, ಅದು ತಯಾರಾದ ವರ್ಷವನ್ನೂ ಎಂಜಿನ್ನಿನ ವಂಶವನ್ನೂ ಕೇಳಬೇಕು. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಹೃದಯಗಳು ಇರುತ್ತವೆ. ಎರಡನೆಯದಾಗಿ, ಎಣ್ಣೆಯ ಫಿಲ್ಟರನ್ನು ಬಿಚ್ಚಿಸಿ ನೋಡಬೇಕು. ಒಳಗೆ ಲೋಹದ ಚೂರು ಹೊಳೆದರೆ ಅದು ಎಂಜಿನ್ನು ಬರೆದ ಪತ್ರವೆಂದೇ ತಿಳಿಯಬೇಕು. ಮೂರನೆಯದಾಗಿ, ದುರಸ್ತಿಯ ಲೆಕ್ಕಪತ್ರಗಳನ್ನು ಓದಬೇಕು. ಕ್ಲಚ್ಚನ್ನು ಬದಲಿಸಲು ಬಿಚ್ಚಿದಾಗ ಆ ಬೇರಿಂಗಿಗೂ ಕೈ ಎಟಕುತ್ತದೆ. ತಿಳಿದ ಮಾಲೀಕನಾಗಿದ್ದರೆ ಆಗಲೇ ಅದನ್ನೂ ಬದಲಿಸಿರುತ್ತಾನೆ. 2006ರಿಂದ 2008ರವರೆಗಿನ ಮಾದರಿಗಳಲ್ಲಿ ಬೇರಿಂಗು ದೊಡ್ಡದಾದ್ದರಿಂದ ಕವಚವನ್ನೇ ಸೀಳದೆ ಅದನ್ನು ಹೊರತೆಗೆಯಲಾಗದು, ಇದೂ ನೆನಪಿರಲಿ. ನಾಲ್ಕನೆಯದಾಗಿ, ಕಡಿಮೆ ಓಡಿದ ಕಾರೇ ಒಳ್ಳೆಯದೆಂಬ ಭ್ರಮೆ ಬೇಡ. ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಂತು, ಎಣ್ಣೆ ಬದಲಾಗದೆ ಕೊಳೆತ ಎಂಜಿನ್ನಿಗಿಂತ, ಬಿಸಿಯಾಗುವವರೆಗೆ ಸಾವಧಾನದಿಂದಲೂ ಆಮೇಲೆ ಚೆನ್ನಾಗಿಯೂ ಓಡಿಸಿ, ಕಾಲಕಾಲಕ್ಕೆ ಎಣ್ಣೆ ಬದಲಿಸಿದ ಎಂಜಿನ್ನೇ ಮೇಲು. ಬಾವಿಯ ನೀರನ್ನು ಸೇದುತ್ತಿದ್ದರೆ ತಾನೇ ಅದು ತಿಳಿಯಾಗಿರುವುದು?

ವೇಗವನ್ನು ಬಯಸುವುದು ತಪ್ಪಲ್ಲ. ಸಾವಿರಾರು ಸಲ ನಿಮಿಷಕ್ಕೆ ಸುತ್ತುವ ಲೋಹದ ತುಂಡುಗಳಿಂದ ನಾವು ಆ ವೇಗವನ್ನು ಪಡೆಯುತ್ತೇವೆ. ಅವು ಕೇಳುವ ಕೂಲಿ ಶುದ್ಧವಾದ ಎಣ್ಣೆ, ಸಮಯಕ್ಕೆ ಸರಿಯಾದ ಗಮನ, ಇಷ್ಟೇ. ಈ ಕೂಲಿಯನ್ನು ಹಿಂದಿನ ಮಾಲೀಕ ಸರಿಯಾಗಿ ಕೊಟ್ಟಿದ್ದಾನೆಯೇ, ಮುಂದೆ ನೀವು ಕೊಡಲು ಸಿದ್ಧರಿದ್ದೀರಾ? ಹಣದ ಚೀಲವನ್ನು ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಈ ಎರಡು.